ಚಳಿಗಾಲದ ಕಡಲತೀರ ಶಿಬಿರಗಳು: ತಯಾರಕರಿಗೊಂದು ಪಾಠ

ಅಮೆರಿಕದ ಉತ್ತರ ರಾಜ್ಯಗಳಲ್ಲಿ ಹಿಮ ಬೀಳತೊಡಗಿದೊಡನೆ ನಿವೃತ್ತರನೇಕರು ಆರ್.ವಿ. ಎಂಬ ಮನೆವಾಹನಗಳಲ್ಲಿ ಫ್ಲೋರಿಡಾದತ್ತ ಹೊರಡುತ್ತಾರೆ. ‘ಸ್ನೋಬರ್ಡ್’ ಎಂಬುದು ಇವರ ಅಡ್ಡಹೆಸರು. ಬಹಿಯಾ ಹೋಂಡಾದಂತಹ ಕಡಲತೀರದ ರಾಜ್ಯೋದ್ಯಾನಗಳಿಗೆ ಚಳಿಗಾಲವೇ ಸುಗ್ಗಿ. ಈ ವಾಹನಗಳಿಗೆ ಉಪಕರಣ, ಬಿಡಿಭಾಗಗಳನ್ನು ಪೂರೈಸಬಯಸುವ ಸಣ್ಣ ತಯಾರಕರು ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು ವಿದ್ಯುತ್. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಭಾರತದ 230 ವೋಲ್ಟ್‌ಗೆ ರೂಪಿಸಿದ ಹೀಟರು ಅಲ್ಲಿ ಸುಮಾರು ಕಾಲುಭಾಗದಷ್ಟೇ ಶಾಖ ನೀಡುತ್ತದೆ. 30 ಆಂಪಿಯರ್ ಸಂಪರ್ಕದಿಂದ ದೊರೆಯುವುದು ಗರಿಷ್ಠ 3,600 ವ್ಯಾಟ್. 1,500 ವ್ಯಾಟ್‌ನ ಎರಡು ಹೀಟರುಗಳನ್ನು ಹಚ್ಚಿದರೆ ಉಳಿಯುವುದು 600 ಮಾತ್ರ. ಆದುದರಿಂದ ಮಿತವಾಗಿ ವಿದ್ಯುತ್ ಬಳಸುವ ಉಪಕರಣಕ್ಕೆ ಗಿರಾಕಿಯುಂಟು.

ಎರಡನೆಯದು ಉಪ್ಪುಗಾಳಿ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ತಿರುಪು, ಕೀಲುಗಳಲ್ಲಿ ಕಡಲಂಚಿನಲ್ಲಿ ಕಲೆ, ಕುಳಿಗಳು ಬೀಳುತ್ತವೆ. ಮಾಲಿಬ್ಡಿನಂ ಬೆರೆತ 316 ದರ್ಜೆ ಹೆಚ್ಚು ಬಾಳುತ್ತದೆ. ಲೋಹದಲ್ಲಿ ಮಾಡಿದ ಉಳಿತಾಯವು ತಿರಸ್ಕೃತ ಸರಕಿನ ನಷ್ಟಕ್ಕೆ ಸಾಟಿಯಾಗದು.

ಮೂರನೆಯದು ಕಾಲ. 2024ರ ಜನವರಿಯಿಂದ ಫ್ಲೋರಿಡಾ ನಿವಾಸಿಗಳು 11 ತಿಂಗಳು, ಹೊರಗಿನವರು 10 ತಿಂಗಳು ಮುಂಚಿತವಾಗಿ ಶಿಬಿರಸ್ಥಳ ಕಾಯ್ದಿರಿಸಬಹುದಾಗಿದೆ. ಪ್ರವಾಸಿಗರ ಸಿದ್ಧತೆ ಅಷ್ಟು ಮೊದಲೇ ಆರಂಭವಾಗುತ್ತದೆ. ಸಮುದ್ರಸಾಗಣೆ, ಸುಂಕ ತಪಾಸಣೆಗಳಿಗೆ ಹಿಡಿಯುವ ವಾರಗಳನ್ನು ಕಳೆದು ಉತ್ಪಾದನೆಯ ದಿನವನ್ನು ಗೊತ್ತುಪಡಿಸುವುದು ಲೇಸು. ಋತು ಮುಗಿದ ಮೇಲೆ ತಲಪಿದ ಸರಕು ಮುಂದಿನ ಚಳಿಗಾಲದವರೆಗೆ ಗೋದಾಮಿನಲ್ಲಿ ಬಂಡವಾಳವನ್ನು ಕಟ್ಟಿಹಾಕುತ್ತದೆ.