ದುರ್ಗೇಶನಂದಿನಿ: ನಿಷಿದ್ಧ ಪ್ರೇಮದ ಮೂರು ಮುಖಗಳು

ಐತಿಹಾಸಿಕ ಕಾದಂಬರಿಕಾರನಿಗೆ ಎರಡು ಋಣಗಳುಂಟು: ಇತಿಹಾಸಕ್ಕೆ ಸಲ್ಲಬೇಕಾದುದು ಒಂದು, ರಸಕ್ಕೆ ಸಲ್ಲಬೇಕಾದುದು ಇನ್ನೊಂದು. ಕುಲ, ಮತ, ರಾಜವೈರಗಳು ತಡೆದ ಪ್ರೇಮವೇ ಕಥಾವಸ್ತುವಾದಾಗ ಈ ಋಣಗಳ ಭಾರ ಇಮ್ಮಡಿಯಾಗುತ್ತದೆ. ಅಂತಹ ಕೃತಿಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಬಹುದೆ ಎಂಬ ಶಂಕೆ ಅಧ್ಯಾಪಕವರ್ಗದಲ್ಲಿ ಮೂಡುವುದು ಸಹಜವೇ. ಆ ಶಂಕೆಗೆ ಉತ್ತರವನ್ನು ಬಂಕಿಮಚಂದ್ರ ಚಟ್ಟೋಪಾಧ್ಯಾಯರ ‘ದುರ್ಗೇಶನಂದಿನಿ’ಯಲ್ಲಿ ಹುಡುಕಬಹುದು.

1865ರಲ್ಲಿ ಪ್ರಕಟವಾದ ಇದು ಬಂಕಿಮರ ಮೊದಲ ಬಂಗಾಳಿ ಕಾದಂಬರಿ. ಬಿ. ವೆಂಕಟಾಚಾರ್ಯರ ಅನುವಾದದ ಮೂಲಕ ಕನ್ನಡಿಗರಿಗೂ ಚಿರಪರಿಚಿತವಾಯಿತು. ಕಾದಂಬರಿ ಎಂಬ ಪ್ರಕಾರವೇ ಕನ್ನಡದಲ್ಲಿ ಇನ್ನೂ ಎಳವೆಯಲ್ಲಿದ್ದ ಕಾಲವದು.

ಅಕ್ಬರನ ಸೇನಾಪತಿ ಮಾನಸಿಂಹನಿಗೂ ಒರಿಸ್ಸಾದ ಪಠಾಣ ನಾಯಕ ಕತ್ಲುಖಾನನಿಗೂ ನಡೆದ ಹೋರಾಟವೇ ಕಥೆಯ ಹಿನ್ನೆಲೆ. ಮಾನಸಿಂಹನ ಮಗ ಜಗತ್‌ಸಿಂಹನು ಬಿರುಗಾಳಿಯ ರಾತ್ರಿ ಶೈಲೇಶ್ವರ ದೇಗುಲದಲ್ಲಿ ಆಶ್ರಯ ಪಡೆದಾಗ, ಮಂದಾರಣ ದುರ್ಗಾಧಿಪತಿ ವೀರೇಂದ್ರಸಿಂಹನ ಮಗಳಾದ ತಿಲೋತ್ತಮೆಯನ್ನು ಕಾಣುತ್ತಾನೆ. ವೀರೇಂದ್ರನಿಗೆ ಮಾನಸಿಂಹನಲ್ಲಿ ಹಳೆಯ ದ್ವೇಷ. ಇದು ವೈರದಿಂದ ನಿಷಿದ್ಧವಾದ ಪ್ರೇಮ.

ಎರಡನೆಯದು ಜನ್ಮದಿಂದ ನಿಷಿದ್ಧವಾದುದು. ಪರಿಚಾರಿಕೆಯಂತೆ ಕಾಣುವ ವಿಮಲೆ ವಸ್ತುತಃ ವೀರೇಂದ್ರನ ಧರ್ಮಪತ್ನಿ. ಆಕೆಯ ತಾಯಿ ಶೂದ್ರಳೆಂಬ ಕಾರಣಕ್ಕೆ ಆ ವಿವಾಹ ಗುಪ್ತವಾಗಿಯೇ ಉಳಿಯುತ್ತದೆ. ಕತ್ಲುಖಾನನು ವೀರೇಂದ್ರನನ್ನು ವಧಿಸಿದಾಗ, ಪತ್ನಿಯೆಂದು ಲೋಕವು ಒಪ್ಪದಿದ್ದ ಆ ಹೆಣ್ಣೇ ಕಠಾರಿ ಹಿಡಿದು ಪತಿಯ ಋಣವನ್ನು ತೀರಿಸುತ್ತಾಳೆ.

ಇತಿಹಾಸದ ಪ್ರಕಾರ ಕತ್ಲುಖಾನನು 1590ರಲ್ಲಿ ವ್ಯಾಧಿಯಿಂದ ಮೃತನಾದನು. ಕಾದಂಬರಿಕಾರನು ಸತ್ಯಕ್ಕೆ ದ್ರೋಹ ಬಗೆದನೆ? ಇತಿವೃತ್ತದಲ್ಲಿ ರಸಕ್ಕೆ ಹೊಂದದ ಭಾಗವನ್ನು ಕವಿ ಕೈಬಿಟ್ಟು ಬೇರೆ ಕಲ್ಪಿಸಬಹುದೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಅನುಮತಿಸಿದ್ದಾನೆ. ಆದರೆ ಕಲ್ಪಿತವನ್ನು ಚರಿತ್ರೆಯೆಂದು ಭ್ರಮಿಸದಂತೆ ಎಚ್ಚರಿಸುವುದು ಅಧ್ಯಾಪಕನ ಕರ್ತವ್ಯ.

ಮೂರನೆಯದು ಆಯೇಷೆಯ ಪ್ರೇಮ. ಕತ್ಲುಖಾನನ ಮಗಳಾದ ಈಕೆ ಗಾಯಗೊಂಡು ಸೆರೆಯಾದ ಜಗತ್‌ಸಿಂಹನನ್ನು ಹಗಲಿರುಳು ಶುಶ್ರೂಷೆ ಮಾಡುತ್ತಾಳೆ. ತನ್ನನ್ನು ವರಿಸಬಯಸಿದ ಉಸ್ಮಾನನ ಎದುರಿನಲ್ಲೇ ಬಂದಿಯ ಮೇಲಿನ ಒಲವನ್ನು ನಿರ್ಭೀತಿಯಿಂದ ಹೇಳುತ್ತಾಳೆ. ಆದರೆ ರಾಜಕುಮಾರನ ಹೃದಯ ತಿಲೋತ್ತಮೆಯದು. ಅದನ್ನರಿತ ಆಯೇಷೆ ವಿವಾಹಕ್ಕೆ ಬಂದು, ತನ್ನ ಆಭರಣಗಳನ್ನು ಸ್ವಹಸ್ತದಿಂದ ವಧುವಿಗೆ ತೊಡಿಸಿ ಹಿಂದಿರುಗುತ್ತಾಳೆ. ಆ ರಾತ್ರಿ ಆಕೆಯ ಬೆರಳಲ್ಲಿ ವಿಷದುಂಗುರವಿದೆ. ಕ್ಷಣಕಾಲ ಚಿಂತಿಸಿ, ಪ್ರಲೋಭನೆಯೇ ಬೇಡವೆಂದು ಅದನ್ನು ಕೋಟೆಯ ಕಂದಕಕ್ಕೆ ಎಸೆಯುತ್ತಾಳೆ.

ವಾಲ್ಟರ್ ಸ್ಕಾಟನ ‘ಐವನ್‌ಹೋ’ದ ರೆಬೆಕಾಳೊಡನೆ ಆಯೇಷೆಯನ್ನು ವಿಮರ್ಶಕರು ಹೋಲಿಸಿದ್ದಾರೆ. ಅಲ್ಲಿಯೂ ಶುಶ್ರೂಷೆಯುಂಟು, ಮತಭೇದವುಂಟು, ಆಭರಣದಾನವುಂಟು. ಆದರೆ ಉಂಗುರವನ್ನು ಎಸೆಯುವ ಕೈ ಆಯೇಷೆಯದೇ.

‘ದುರ್ಗೇಶನಂದಿನಿ’ ಎಂದರೆ ದುರ್ಗಾಧಿಪತಿಯ ಮಗಳು. ಕೃತಿಯ ಹೆಸರು ತಿಲೋತ್ತಮೆಗೆ ಸಂದಿತು. ಓದುಗನ ಹೃದಯ ಆಯೇಷೆಗೆ ಸಂದಿತು. ಅಧ್ಯಾಪಕರ ಶಂಕೆಗೆ ಉತ್ತರವೂ ಇಲ್ಲಿಯೇ ಇದೆ. ತರುಣರನ್ನು ಕೆಡಿಸುವುದು ನಿಷಿದ್ಧ ಪ್ರೇಮದ ಕಥೆಯಲ್ಲ. ಪ್ರೇಮವೆಂದರೆ ಪಡೆಯುವುದು ಮಾತ್ರವೆಂದು ಬೋಧಿಸುವ ಕಥೆ. ಬಯಸಿದುದು ದೊರೆಯದಾಗಲೂ ದ್ವೇಷಿಸದೆ, ಬದುಕನ್ನು ತೊರೆಯದೆ ನಿಲ್ಲಬಹುದೆಂದು ಕಲಿಸುವ ಕೃತಿ ಶಾಲೆಯ ಗ್ರಂಥಭಂಡಾರದಲ್ಲಿ ಇರತಕ್ಕದ್ದೇ ಸರಿ.