ಕೂಸಿನ ತುರಿಕೆ

ಬೈಲಹೊಂಗಲ, ಸವದತ್ತಿಗಳ ಎರೆಸೀಮೆಯಲ್ಲಿ ಚಳಿಗಾಲದ ಒಣಗಾಳಿ ಬೀಸತೊಡಗಿದೊಡನೆ ಇಸಬು ಇರುವ ಕೂಸಿಗೆ ನಿದ್ದೆ ದೂರವಾಗುತ್ತದೆ. ರಕ್ತ ಒಸರುವಂತೆ ಕೆರೆದುಕೊಳ್ಳುತ್ತದೆ. ಇದು ಅಂಟುರೋಗವಲ್ಲ, ತೇವವನ್ನು ಹಿಡಿದಿಡಲಾರದ ತೊಗಲಿನ ದೋಷ. ಒಡೆದ ತೊಗಲಿನ ಮೂಲಕ ಶೇಂಗಾದ ಕಣಗಳು ಒಳಹೊಕ್ಕರೆ ದೇಹವು ಅವನ್ನು ಶತ್ರುವೆಂದು ಬಗೆಯಬಹುದು. ಬಾಯಿಂದ ಹೋದುದನ್ನಾದರೋ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ! ತೀವ್ರ ಇಸಬಿನ ಶಿಶುಗಳಿಗೆ ಬೇಗನೆ ಶೇಂಗಾ ಉಣಿಸಿದರೆ ಅದರ ಅಲರ್ಜಿ ತಗ್ಗುವುದೆಂದು 2015ರಲ್ಲಿ ಲಂಡನ್ನಿನ ಪ್ರಯೋಗವೊಂದು ತೋರಿಸಿತು. ಆದರೆ ಅಲರ್ಜಿ ಈಗಾಗಲೇ ತಗುಲಿದ ಮಗುವಿಗೆ ಅದು ಅಪಾಯ. ಆ ಪರೀಕ್ಷೆ ವೈದ್ಯರದು. ಊಹೆಯಿಂದ ಹಾಲು, ತತ್ತಿ, ಗೋದಿಗಳೆಲ್ಲವನ್ನೂ ಬಿಡಿಸಿದರೆ ಕೂಸು ಸೊರಗುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಕೆಲವೇ ನಿಮಿಷ ಮೀಯಿಸಿ, ಮೆಲ್ಲನೆ ಒತ್ತಿ ಒರೆಸಿ, ತೇವ ಆರುವ ಮುನ್ನ ವ್ಯಾಸಲೀನು ಹಚ್ಚಬೇಕು. ಕೆಂಪೇರಿದ ಕಡೆಗೆ ವೈದ್ಯರು ಹೇಳಿದ ಮುಲಾಮು. ಶೇಂಗಾ ಸುಲಿದ ಕೈಯನ್ನು ತೊಳೆದುಕೊಂಡೇ ಕೂಸನ್ನು ಎತ್ತಿಕೊಳ್ಳಬೇಕು.