ರೈಲು ಮಗುವಿಗೆ, ಬಿಲ್ಲು ಯಾರ ಖಾತೆಗೆ?

ಮಕ್ಕಳ ಆಟಿಕೆಯ ಲೆಕ್ಕದೊಳಗೆ ಅಪ್ಪಂದಿರು ಮೆಲ್ಲಗೆ ನುಸುಳಿಸುವ ಖರ್ಚುಗಳಲ್ಲಿ ಮಾದರಿ ರೈಲಿನದು ಮೊದಲ ಸಾಲು. ನಾನೂ ಆ ಜಾತಿಯವನೇ. ಮಗಳಿಗೆ ಮೂರು ತುಂಬುವ ಹೊತ್ತಿಗೆ ಮೊಬೈಲಿನಲ್ಲಿ ಹಾರ್ನ್‌ಬಿ, ಮಾರ್ಕ್ಲಿನ್ ಎಂಬ ವಿದೇಶಿ ಕಂಪನಿಗಳ ಮಾದರಿ ಎಂಜಿನ್‌ಗಳನ್ನು ನೋಡುತ್ತ ಕೂತಿರುತ್ತಿದ್ದೆ. "ಇದು ಅವಳಿಗೋ, ನಿಮಗೋ? ಮೊದಲು ಅದನ್ನ ಹೇಳಿ" ಅಂದಳು ಹೆಂಡತಿ. ನನ್ನ ಲೆಕ್ಕದ ಪುಸ್ತಕಕ್ಕೆ ಬೇಕಾಗಿದ್ದದ್ದು ಆ ಪ್ರಶ್ನೆಯೇ.

ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ. ನಿಜ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಆ ಸಣ್ಣ ಚಕ್ರಗಳನ್ನು ಹಳಿಯ ಮೇಲೆ ಕೂರಿಸಲು ದೊಡ್ಡವರೇ ಕನ್ನಡಕ ಹುಡುಕಬೇಕು. ಮೂರು ವರ್ಷದ ಮಗು ಎಂಜಿನ್ ಎತ್ತುತ್ತದೆ, ಬೀಳಿಸುತ್ತದೆ, ಕಳಚಿಬಂದ ಚೂರನ್ನು ಬಾಯಿಗೂ ಹಾಕಿಕೊಂಡೀತು. ಅಪ್ಪ "ಮುಟ್ಟಬೇಡ" ಎನ್ನುತ್ತ ಕಾವಲು ಕೂರಬೇಕು. ಮುಟ್ಟಬಾರದ ಆಟಿಕೆಗೆ ಸುರಿದ ದುಡ್ಡು ಮಗುವಿನ ಖರ್ಚಲ್ಲ, ಅಪ್ಪನ ಶೋಕಿ. ಶೋಕಿ ಇರಬಾರದೆಂದಲ್ಲ, ಅದು ಅಪ್ಪನ ಕೈಖರ್ಚಿನಲ್ಲೇ ನಡೆಯಲಿ.

ಆ ಶೋಕಿಗೆ ಸುಂಕವೂ ಇದೆ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆ ದರದಲ್ಲಿ ಹತ್ತು ಸಾವಿರ ರೂಪಾಯಿಯ ಎಂಜಿನ್ ತರಿಸಿದರೆ ಕಸ್ಟಮ್ಸ್‌ಗೇ ಏಳು ಸಾವಿರ, ಅದರ ಮೇಲೆ ಜಿಎಸ್‌ಟಿ ಬೇರೆ. ವಿದೇಶದ ಬೆಲೆ ನೋಡಿ ಮನಸ್ಸಿನಲ್ಲೇ ರೂಪಾಯಿಗೆ ಬದಲಿಸಿಕೊಂಡು ಹಿಗ್ಗುವವರು ಗಮನಿಸಬೇಕು.

ನಮ್ಮ ಮನೆಗೆ ಮೊದಲು ಬಂದದ್ದು ಚನ್ನಪಟ್ಟಣದ ಅರಗಿನ ಬಣ್ಣದ ರೈಲು. ಹಳಿ ಇಲ್ಲ, ಸೆಲ್ ಇಲ್ಲ. ಸೋಫಾ ಕೆಳಗೆ ಸುರಂಗ, ದಿಂಬಿನ ಮೇಲೆ ಘಾಟಿ, ಅಡುಗೆಮನೆ ಬಾಗಿಲಲ್ಲಿ ಅರಸೀಕೆರೆ ಜಂಕ್ಷನ್. (ಟಿಕೆಟ್ ಇಲ್ಲದ ಅಜ್ಜಿಗೆ ದಂಡವೂ ಬಿತ್ತು.) ಆಟ ನಿಲ್ಲುವುದಿಲ್ಲವೆಂದು ಖಾತ್ರಿಯಾದ ಮೇಲೆ ಮರದ ಹಳಿ ತಂದೆವು. ಇಲ್ಲಿ ಕೇಳಬೇಕಾದದ್ದು ಒಂದೇ: ಬೇರೆ ಕಂಪನಿಯ ಹಳಿ ಇದಕ್ಕೆ ಕೂಡುತ್ತದೆಯೇ? ಬ್ರಿಯೊ ಕಂಪನಿಯ ಅಳತೆಗೆ ಹೊಂದುವ ಮರದ ಹಳಿಗಳನ್ನು ಹಲವರು ಮಾಡುತ್ತಾರೆ, ಹಾಗಾಗಿ ಪ್ರತಿ ಹುಟ್ಟುಹಬ್ಬಕ್ಕೂ ಒಂದಿಷ್ಟು ಸೇರಿಸುತ್ತ ಹೋಗಬಹುದು. ತನ್ನದೇ ಕಂಪನಿಯ ಹಳಿಗೆ ಮಾತ್ರ ಕೂಡುವ ಪ್ಲಾಸ್ಟಿಕ್ ಹಳಿಯಾದರೆ, ಒಂದು ತುಂಡು ಮುರಿದ ದಿನ ಇಡೀ ಸೆಟ್ಟೇ ಅಟ್ಟ ಸೇರುತ್ತದೆ. ಮರದ್ದನ್ನು ನಾದಿನಿಯ ಮಗುವಿಗೆ ದಾಟಿಸಬಹುದು, ಮಾರಲೂಬಹುದು.

ಬ್ಯಾಟರಿ ಎಂಜಿನ್ ಕೊಳ್ಳುವವರು ಅದರ ಜೊತೆಗೇ ರೀಚಾರ್ಜ್ ಸೆಲ್ಲು, ಚಾರ್ಜರ್‌ಗೂ ದುಡ್ಡು ತೆಗೆದಿಡಿ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಡಬ್ಬಿಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. ರೈಲೇ ಮಗುವಿಗೆ ಹಿಡಿಸುತ್ತದೋ ಇಲ್ಲವೋ ಅನುಮಾನವಿದ್ದರೆ ಮೈಸೂರಿನ ರೈಲು ಮ್ಯೂಸಿಯಂಗೆ ಒಮ್ಮೆ ಹೋಗಿಬನ್ನಿ. ಮಗುವಿಗೆ ಎಂಟು ವರ್ಷವಾದ ಮೇಲೂ ಹುಚ್ಚು ಇಳಿಯದಿದ್ದರೆ ಎಚ್‌ಒ ಸೆಟ್ ಕೊಳ್ಳಿ. ಆಗಲೂ ಒಂದು ಎಂಜಿನ್, ಎರಡು ಬೋಗಿ, ಒಂದು ಸುತ್ತು ಹಳಿ ಸಾಕು.